ಆಟಕ್ಕೂ ಟ್ಯಾಲಿಗೂ ಒಂದೇ ಸಾಕಾ? ಗೇಮಿಂಗ್ ಹ್ಯಾಂಡ್‌ಹೆಲ್ಡ್ ತಗೊಳ್ಳಲಾ, ಕಿಸೆಯಲ್ಲಿ ಹಿಡಿಯುವ ವಿಂಡೋಸ್ ಕಂಪ್ಯೂಟರ್ ತಗೊಳ್ಳಲಾ?

ಬೈಲಹೊಂಗಲದಿಂದ ಬೆಳಗಾವಿಗೆ ದಿನಾ ಬಸ್ಸು, ಆಡಿಟರ್ ಆಫೀಸಿನಲ್ಲಿ ಹೊಸ ಕೆಲಸ, ಕೈಯಲ್ಲಿ 70 ಸಾವಿರ. ದಾರಿಯಲ್ಲಿ ಆಟನೂ ಆಗಬೇಕು, ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಎಂಟ್ರಿನೂ ಆಗಬೇಕು. ಅದಕ್ಕೆ ಆಸುಸ್‌ನ ಆರ್‌ಒಜಿ ಅಲೈ ಥರ ಎರಡು ಕೈಯಲ್ಲಿ ಹಿಡಿದು ಆಡುವ ಹ್ಯಾಂಡ್‌ಹೆಲ್ಡ್ ಮೇಲಾ, ಜಿಪಿಡಿ ವಿನ್ ಥರ ಕೀಬೋರ್ಡ್ ಇರೋದು ಮೇಲಾ ಅಂತ ಕೇಳಿದ್ದೀರಿ. ಊರಿನ ಹೆಸರು ಬದಲಿಸಿದರೆ 2018ರ ನಾನೇ ನೀವು. ನನ್ನ ದಾರಿ ಬಾಗಲಕೋಟೆ ನವನಗರದಿಂದ ಲೋಕಾಪುರ, ಮುಧೋಳ ದಾಟಿ ಮಹಾಲಿಂಗಪುರ.

ಅಲ್ಲಿ ಬೆಲ್ಲದ ಅಡತಿ ಅಂಗಡಿಗಳ ಲೆಕ್ಕ ಬರೆಯುತ್ತಿದ್ದೆ. ಜಿಎಸ್‌ಟಿ ಬಂದು ವರ್ಷ ತುಂಬಿತ್ತು. ಅಲ್ಲಿಯತನಕ ಕೆಂಪು ಬಟ್ಟೆಯ ಕಿರ್ದಿ ಪುಸ್ತಕದಲ್ಲಿ ಆರಾಮಾಗಿದ್ದ ಸಾವ್ಕಾರ್ರೆಲ್ಲ "ಎಲ್ಲಾ ಟ್ಯಾಲಿಯೊಳಗ ಹಾಕಿ ಕೊಡಪಾ" ಅಂತ ಬೆನ್ನು ಹತ್ತಿದ್ದರು. ಅಂಗಡಿಯಿಂದ ಅಂಗಡಿಗೆ ತಿರುಗುವ ಕೆಲಸ. ಲ್ಯಾಪ್‌ಟಾಪ್ ಹೊತ್ತು ಬೆನ್ನು ನೋಯುತ್ತಿತ್ತು ಅಂದರೆ ಅದು ನೆಪ; ನಿಜ ಏನಂದರೆ ಬಸ್ಸಿನಲ್ಲಿ ಜಿಟಿಎ ಸ್ಯಾನ್ ಆಂಡ್ರಿಯಾಸ್ ಆಡಬೇಕಿತ್ತು, ಅದನ್ನು ಮನೆಯಲ್ಲಿ ಹೇಳುವ ಹಾಗಿರಲಿಲ್ಲ. "ಕೆಲಸಕ್ಕೂ ಬರ್ತೈತಿ" ಅಂದರೆ ರೊಕ್ಕ ಬಿಚ್ಚುತ್ತಾರೆ. ನಿಮ್ಮ ಪ್ರಶ್ನೆಯಲ್ಲೂ ಆ ವಾಸನೆ ಬರ್ತಿದೆ, ಬೇಜಾರು ಮಾಡ್ಕೋಬೇಡಿ.

ದುಬೈನಲ್ಲಿದ್ದ ಗೆಳೆಯನ ಕೈಯಲ್ಲಿ ಒಂದು ಪುಟ್ಟ ವಿಂಡೋಸ್ ಕಂಪ್ಯೂಟರ್ ತರಿಸಿದೆ. ಯಾವ ಕಂಪನಿ ಅನ್ನೋದು ಬೇಡ, ತಪ್ಪು ಅವರದಲ್ಲ. ದೊಡ್ಡ ಕನ್ನಡಕದ ಡಬ್ಬಿಯಷ್ಟಿತ್ತು. ಮುಚ್ಚಳ ತೆಗೆದರೆ ಮೇಲೆ ಪರದೆ, ಕೆಳಗೆ ಕೀಬೋರ್ಡ್, ಕೀಬೋರ್ಡಿನ ತಲೆಯ ಮೇಲೆ ಎರಡು ಜಾಯ್‌ಸ್ಟಿಕ್. 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ ಸ್ಟೋರೇಜ್. ಇಎಂಎಂಸಿ ಅಂದರೆ ಅಗ್ಗದ ಫೋನುಗಳಲ್ಲಿ ಇರೋ ಜಾತಿಯದ್ದು. ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ, ಬಿಚ್ಚಿ ದೊಡ್ಡದು ಹಾಕೋಕೆ ಬರೋದಿಲ್ಲ.

ಕೀಬೋರ್ಡಿನ ಕಥೆ ಮೊದಲು ಹೇಳಿಬಿಡ್ತೀನಿ, ಯಾಕಂದರೆ ಯಾವ ಯೂಟ್ಯೂಬ್ ರಿವ್ಯೂದವರೂ ಕಿಸೆಯ ಕಂಪ್ಯೂಟರ್ ಮೇಲೆ ಟ್ಯಾಲಿ ಹೊಡೆದು ತೋರಿಸಲ್ಲ. ಟ್ಯಾಲಿ ನಡೆಯೋದೇ ಮೇಲಿನ ಎಫ್ ಕೀಗಳ ಮೇಲೆ. ಎಫ್5 ಪೇಮೆಂಟ್, ಎಫ್6 ರಿಸೀಟ್, ಎಫ್8 ಸೇಲ್ಸ್, ಎಫ್9 ಪರ್ಚೇಸ್. ನನ್ನದರಲ್ಲಿ ಎಫ್ ಕೀಗಳಿಗೆ ಬೇರೆ ಸಾಲೇ ಇರಲಿಲ್ಲ, ಅಂಕಿಗಳ ಮೇಲೇ ಕೂತಿದ್ದವು. ಒಂದು ಹೆಬ್ಬೆರಳಿನಲ್ಲಿ ಎಫ್‌ಎನ್ ಅದುಮಿ ಹಿಡಿದು ಇನ್ನೊಂದರಲ್ಲಿ 5 ಒತ್ತಿದರೆ ಪೇಮೆಂಟ್ ವೋಚರ್ ತೆರೆಯುತ್ತೆ. ಎಫ್‌ಎನ್ ಜಾರಿದರೆ ಬರೀ 5 ಬೀಳುತ್ತೆ. ನಂಬರ್ ಪ್ಯಾಡ್ ಕೇಳಲೇಬೇಡಿ. ರೈತನ ಒಂದು ಪಟ್ಟಿ ಹಾಕಬೇಕಂದರೆ ತೂಕ, ದರ, ಹಮಾಲಿ, ಅಡತಿ, ಕೊನೆಗೆ ನಿವ್ವಳ, ಎಲ್ಲವೂ ಅಂಕಿ. ನುಡಿ ತಂತ್ರಾಂಶದಲ್ಲಿ ಕನ್ನಡದ ಒಂದು ಪತ್ರ ಟೈಪ್ ಮಾಡೋಕೆ ಹೋದರೆ ಇನ್ನೊಂದು ತಾಪತ್ರಯ: ಮಹಾಪ್ರಾಣಕ್ಕೆಲ್ಲ ಶಿಫ್ಟ್ ಬೇಕು, ಆ ಶಿಫ್ಟ್ ಕಡಲೆಕಾಳಿನಷ್ಟು. ಅಂಗಡಿಯ ಮುದುಕ ಗುಮಾಸ್ತರು ಕಾಕಾ ಒಂದಿನ ಹೆಗಲ ಮೇಲಿಂದ ಬಗ್ಗಿ ನೋಡಿ, "ಏ ತಮ್ಮಾ, ಲೆಕ್ಕಾ ಬರಿಯಾಕತ್ತಿ ಏನು ಹೇನು ಹೆಕ್ಕಾಕತ್ತಿ?" ಅಂದರು.

ಅಷ್ಟಾದರೂ ನಡೀತಿತ್ತು. ನಿಜವಾಗಿ ಮುಳುಗಿಸಿದ್ದು ಬೇರೆ.

64 ಜಿಬಿಯಲ್ಲಿ ವಿಂಡೋಸ್ ಮತ್ತು ಅದರ ಅಪ್‌ಡೇಟುಗಳು ಕೂತ ಮೇಲೆ ಉಳಿಯೋದು ಅರ್ಧ. ಅದರಲ್ಲಿ ಎರಡು ಮೂರು ಆಟ ಹಾಕಿದರೆ ಜಾಗ ಮುಗೀತು ಅನ್ನೋ ಕೆಂಪು ಗೀಟು ಬಂತು. ಮೈಕ್ರೊಎಸ್‌ಡಿ ಕಾರ್ಡ್ ಹಾಕಿಕೊಂಡೆ. ಈಗ ಪ್ರಶ್ನೆ, ಕಾರ್ಡಿಗೆ ಏನು ಕಳಿಸೋದು? ಆಟವನ್ನು ಕಾರ್ಡಿನಿಂದ ಓಡಿಸಿದರೆ ತಡವರಿಸುತ್ತಿತ್ತು, ರಸ್ತೆ ಲೋಡ್ ಆಗೋಕೆ ಮುಂಚೆ ಕಾರು ಗಾಳಿಯಲ್ಲಿ ಹೋಗ್ತಿತ್ತು. ಟ್ಯಾಲಿ ಡೇಟಾ ನೋಡಿದರೆ ಚಿಕ್ಕದು, ಎಲ್ಲಿದ್ದರೂ ಅಷ್ಟೇ ವೇಗ. ಹಾಗಾಗಿ ಆಟವನ್ನು ಒಳಗೆ ಇಟ್ಟು ಟ್ಯಾಲಿಯ ಡೇಟಾ ಫೋಲ್ಡರನ್ನು ಕಾರ್ಡಿಗೆ ತಳ್ಳಿದೆ. ವೇಗದ ಲೆಕ್ಕದಲ್ಲಿ ನೂರಕ್ಕೆ ನೂರು ಸರಿ. ಇವತ್ತಿಗೂ ವೇಗ ಒಂದೇ ನೋಡಿದರೆ ಹಾಗೇ ಮಾಡಬೇಕು. ಆದರೆ ಆಟ ಹೋದರೆ ರಾತ್ರಿ ವೈಫೈ ಹಚ್ಚಿ ಮತ್ತೆ ಇಳಿಸಿಕೊಳ್ಳಬಹುದು. ಸಾವ್ಕಾರ್ರ ಖಾತೆಯನ್ನು ಎಲ್ಲಿಂದ ಇಳಿಸಿಕೊಳ್ಳೋದು? ಎರಡನ್ನೂ ಬರೀ "ಫೈಲು" ಅಂತ ನೋಡಿದೆ, ಗಾತ್ರ ನೋಡಿದೆ, ವೇಗ ನೋಡಿದೆ. ಕಳೆದರೆ ಏನಾಗುತ್ತೆ ಅಂತ ನೋಡಲಿಲ್ಲ.

ಬ್ಯಾಕಪ್ ಇರಲಿಲ್ಲವಾ ಅಂತೀರಿ. ಇತ್ತು. ವಾರವಾರ ತಪ್ಪದೆ ಆಲ್ಟ್ ಎಫ್3 ಒತ್ತಿ ಬ್ಯಾಕಪ್ ತೆಗೀತಿದ್ದೆ, ಅದೇ ಕಾರ್ಡಿಗೆ. ಒಳಗೆ ಜಾಗ ಇಲ್ಲವಲ್ಲ! ಮನೆಯ ಹಳೇ ಕಂಪ್ಯೂಟರಿಗೆ ಕಾಪಿ ಮಾಡಿದ್ದು ದೀಪಾವಳಿಯಲ್ಲಿ, ಅದೂ ಲಕ್ಷ್ಮೀಪೂಜೆಗೆ ಖಾತೆ ಪ್ರಿಂಟ್ ಬೇಕಿತ್ತು ಅಂತ.

ಇನ್ನೊಂದು ತಿಳ್ಕೊಳ್ಳಿ. 64 ಜಿಬಿ ಮೇಲ್ಪಟ್ಟ ಕಾರ್ಡುಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನಲ್ಲಿ ಬರುತ್ತವೆ. ವಿಂಡೋಸಿನ ಎನ್‌ಟಿಎಫ್‌ಎಸ್‌ನಲ್ಲಿ ಜರ್ನಲ್ ಅಂತ ಒಂದಿರುತ್ತೆ: ಫೋಲ್ಡರಿನಲ್ಲಿ ಏನು ಬದಲಿಸೋಕೆ ಹೊರಟಿದ್ದೇನೆ ಅಂತ ಮೊದಲು ಬರೆದಿಟ್ಟು ಆಮೇಲೆ ಬದಲಿಸುತ್ತೆ. ನಡುವೆ ಕರೆಂಟ್ ಹೋದರೂ ಫೈಲುಗಳ ಪಟ್ಟಿ ಗೋಜಲಾಗದಂತೆ ಸರಿಮಾಡಿಕೊಳ್ಳುತ್ತೆ. ಎಕ್ಸ್‌ಫ್ಯಾಟ್‌ಗೆ ಅದು ಇಲ್ಲ. ಬರೆಯುತ್ತಿರುವಾಗ ಜೀವ ಹೋದರೆ ಪಟ್ಟಿಯೇ ಹರಿದುಹೋಗಬಹುದು.

2019ರ ಮಾರ್ಚ್ ಕೊನೆ. ಅಂಗಡಿಯಲ್ಲಿ ಎಂಟ್ರಿ ಮಾಡುತ್ತಿದ್ದಾಗ ಬಸ್ಸಿನ ಹೊತ್ತಾಯಿತು, ಟ್ಯಾಲಿ ತೆರೆದಿದ್ದಂತೇ ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿದೆ. ಮುಚ್ಚಳ ಮುಚ್ಚಿದರೆ ವಿಂಡೋಸ್ ಮಲಗುತ್ತೆ ಅಂತ ನಾವು ತಿಳ್ಕೊಂಡಿದ್ದೀವಿ. ಈ ಜಾತಿಯ ಸಣ್ಣ ಮಷೀನುಗಳಲ್ಲಿ ಅದು ಮಲಗಲ್ಲ, ಕಣ್ಣು ಮುಚ್ಚಿಕೊಂಡು ಎದ್ದೇ ಇರುತ್ತೆ. ಮೇಲ್ ನೋಡುತ್ತೆ, ಅಪ್‌ಡೇಟ್ ಹುಡುಕುತ್ತೆ. ಮುಧೋಳ ಬಸ್‌ಸ್ಟ್ಯಾಂಡಿನಲ್ಲಿ ತೊಡೆ ಮೇಲಿದ್ದ ಬ್ಯಾಗು ಬೆಚ್ಚಗಾಗಿದ್ದು ಗೊತ್ತಾಯ್ತು, ಬಿಸಿಲಿಗೆ ಅಂದುಕೊಂಡೆ. ನವನಗರ ಮುಟ್ಟುವಾಗ ಬ್ಯಾಟರಿ ಸತ್ತಿತ್ತು. ಚಾರ್ಜಿಗೆ ಹಾಕಿ ತೆರೆದರೆ, ಕಾರ್ಡನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು ಅಂತ ಒಂದು ಕಿಟಕಿ ಬಂತು. ಬೇಡ ಒತ್ತಿ ಚೆಕ್‌ಡಿಸ್ಕ್ ಓಡಿಸಿದೆ. "ಫೌಂಡ್.000" ಅನ್ನೋ ಫೋಲ್ಡರ್ ಸಿಕ್ಕಿತು, ಅದರ ತುಂಬ ಹೆಸರು ಕಳೆದುಕೊಂಡ ಸಿಎಚ್‌ಕೆ ಫೈಲುಗಳು. ಯಾವುದು ಯಾವ ಅಂಗಡಿಯದ್ದು, ಯಾವುದು ಬ್ಯಾಕಪ್ಪು, ಯಾವುದು ಹಾಡು, ದೇವರಿಗೇ ಗೊತ್ತು. ಟ್ಯಾಲಿಯಲ್ಲಿ ಡೇಟಾ ರಿಪೇರಿ ಮಾಡುವ ಕಂಟ್ರೋಲ್ ಆಲ್ಟ್ ಆರ್ ಇದೆಯಲ್ಲ, ಅದಕ್ಕೆ ಮೊದಲು ಕಂಪನಿ ಕಾಣಬೇಕು. ಕಂಪನಿಯೇ ಕಾಣಲಿಲ್ಲ.

ಸ್ಯಾನ್ ಆಂಡ್ರಿಯಾಸ್ ಮಾತ್ರ ಒಳಗೆ ಸುರಕ್ಷಿತವಾಗಿತ್ತು. ಸೇವ್ ಸಹಿತ.

ಬಚಾವಾಗಿದ್ದು ಕಾಕಾನಿಂದ. ಟ್ಯಾಲಿ ಬಂದರೂ ಅವರು ಕಿರ್ದಿ ಬರೆಯೋದು ಬಿಟ್ಟಿರಲಿಲ್ಲ. ದೀಪಾವಳಿಯಿಂದ ಈಚೆಗಿನ ಎಲ್ಲ ವೋಚರ್ ಆ ಪುಸ್ತಕ ನೋಡಿ ಮತ್ತೆ ಹಾಕಿದೆ. ಸಹಾಯಕ್ಕೆ ಒಬ್ಬ ಹುಡುಗನನ್ನು ಇಟ್ಟುಕೊಂಡು ಅವನ ಪಗಾರ ನನ್ನ ಕಿಸೆಯಿಂದ ಕೊಟ್ಟೆ. ಸಾವ್ಕಾರ್ರು ಒಂದು ಮಾತು ಬೈಯಲಿಲ್ಲ. ಮುಂದಿನ ಸುಗ್ಗಿಗೆ ಲೆಕ್ಕ ಬೇರೆಯವರಿಗೆ ಕೊಟ್ಟರು, ಅವರನ್ನು ನೋಡಿ ಪಕ್ಕದ ಅಂಗಡಿಯವರೂ.

ಈಗ ನಿಮ್ಮ ಎರಡು ಮಷೀನುಗಳ ವಿಷಯ. ಈಗಿನವು ಅಷ್ಟು ಬಡಪಾಯಿಗಳಲ್ಲ, ಒಳಗೆ ಎಸ್‌ಎಸ್‌ಡಿ (ಇಎಂಎಂಸಿಗಿಂತ ವೇಗದ ಸ್ಟೋರೇಜ್) ಇದೆ, 16 ಜಿಬಿ ರ‍್ಯಾಮ್ ಇದೆ. ಚಿಪ್ ನೋಡಿ ತೂಗಬೇಡಿ. ಅಲೈನ ಝಡ್1 ಎಕ್ಸ್‌ಟ್ರೀಮ್ ಮತ್ತು ಜಿಪಿಡಿ ವಿನ್ ಮಿನಿಯಲ್ಲಿ ಬಂದ ರೈಜನ್ 7 7840ಯು ಹತ್ತಿರದ ದಾಯಾದಿಗಳು, ಎರಡರಲ್ಲೂ 8 ಕೋರ್, ಗ್ರಾಫಿಕ್ಸೂ ಅದೇ ಪೀಳಿಗೆಯದ್ದು. ನೀವು ತೂಗುತ್ತಿರೋದು ಒಂದೇ ಎಂಜಿನ್ನಿಗೆ ಕೀಬೋರ್ಡ್ ಇದೆಯೋ ಇಲ್ಲವೋ ಅನ್ನೋದನ್ನ ಅಷ್ಟೇ. ಕೀಬೋರ್ಡ್ ಇದ್ದರೂ ಅದು ಹೆಬ್ಬೆರಳಿನದ್ದು, ಮೇಲೆ ಹೇಳಿದೆನಲ್ಲ.

ನನ್ನನ್ನು ಕೇಳಿದರೆ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಬಸ್ಸಿನಲ್ಲಿ ಟ್ಯಾಲಿ ಯಾರೂ ಹೊಡೆಯಲ್ಲ. ಬಿಲ್ಲುಗಳ ಕಟ್ಟು ಎಲ್ಲಿ ಇಟ್ಕೋತೀರಿ, ಪಕ್ಕದವರ ತೊಡೆ ಮೇಲಾ? ಮೇಲಾಗಿ ಆಡಿಟರ್ ಆಫೀಸಿನ ಗಿರಾಕಿಗಳ ಡೇಟಾ ನೀವು ಆಟ ಆಡುವ ಮಷೀನಿನಲ್ಲಿದೆ ಅಂತ ನಿಮ್ಮ ಸಾಹೇಬರಿಗೆ ಗೊತ್ತಾದರೆ ಆ ದಿನವೇ ಲೆಕ್ಕ ಚುಕ್ತಾ.

ಗೇಮಿಂಗ್ ಹ್ಯಾಂಡ್‌ಹೆಲ್ಡ್ ಹುಟ್ಟಿರೋದೇ "ಹೋದರೆ ಹೋಗಲಿ, ಮತ್ತೆ ಇಳಿಸೋಣ" ಅನ್ನೋ ನಂಬಿಕೆ ಮೇಲೆ. 2022ರಲ್ಲಿ ಸ್ಟೀಮ್ ಡೆಕ್ ಅನ್ನೋ ಹ್ಯಾಂಡ್‌ಹೆಲ್ಡ್ ಬಂದಾಗ ಅದರ ಅಗ್ಗದ ಮಾದರಿಯಲ್ಲೂ ಇದ್ದದ್ದು ನನ್ನದರಂತೇ 64 ಜಿಬಿ ಇಎಂಎಂಸಿ. ಆದರೂ ಜನ ಕಾರ್ಡ್ ಹಾಕಿ ಖುಷಿಯಾಗಿ ಆಡಿದರು. ಕಾರ್ಡು ಸತ್ತರೆ ಆಟ ಸ್ಟೀಮ್ ಅನ್ನೋ ಆನ್‌ಲೈನ್ ಆಟದ ಅಂಗಡಿಯಲ್ಲಿದೆ, ಬಹಳಷ್ಟು ಆಟಗಳ ಸೇವ್ ಕ್ಲೌಡಿನಲ್ಲಿದೆ. ಅದರ ಸ್ಟೀಮ್‌ಒಎಸ್ ಲಿನಕ್ಸ್ ಆದ್ದರಿಂದ ಕಾರ್ಡನ್ನೂ ಜರ್ನಲ್ ಇರುವ ಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿಕೊಳ್ಳುತ್ತೆ. ಪವರ್ ಬಟನ್ ಒತ್ತಿದರೆ ಆಟದ ನಡುವೆಯೇ ಮಲಗುತ್ತೆ, ಒತ್ತಿದರೆ ಅಲ್ಲಿಂದಲೇ ಏಳುತ್ತೆ. ವಿಂಡೋಸ್ ಹ್ಯಾಂಡ್‌ಹೆಲ್ಡುಗಳಲ್ಲಿ ಆ ಭರವಸೆ ನನಗಿಲ್ಲ. ಮೊದಲ ಅಲೈನಲ್ಲಿ ಬಿಸಿ ಹೆಚ್ಚಾದರೆ ಕಾರ್ಡ್ ರೀಡರ್ ಕೈಕೊಡಬಹುದು ಅಂತ 2023ರಲ್ಲಿ ಆಸುಸ್‌ನವರೇ ಒಪ್ಪಿಕೊಂಡು ಫ್ಯಾನ್ ಜೋರಾಗಿ ತಿರುಗುವ ಅಪ್‌ಡೇಟ್ ಕೊಟ್ಟರು. ಆಟದ ಮಷೀನಿಗೆ ಇದು ಕಿರಿಕಿರಿ. ಲೆಕ್ಕದ ಮಷೀನಿಗೆ ಏನಾಗುತ್ತೆ ಅಂತ ಮೇಲೆ ಓದಿದಿರಿ. ಮೈಕ್ರೋಸಾಫ್ಟ್‌ನವರೂ 2025ರ ಅಕ್ಟೋಬರಿನಲ್ಲಿ ಬಂದ ಎಕ್ಸ್‌ಬಾಕ್ಸ್ ಅಲೈನಲ್ಲಿ ಡೆಸ್ಕ್‌ಟಾಪನ್ನು ಹಿಂದೆ ಸರಿಸಿ ನೇರ ಆಟದ ಪರದೆ ತೆರೆಯುವ ಹಾಗೆ ಮಾಡಿದರು. ನೀವು ನೋಡಿದರೆ ಅದೇ ಡೆಸ್ಕ್‌ಟಾಪಿಗೋಸ್ಕರ ಇಂಥದ್ದನ್ನ ತಗೊಳ್ಳೋಕೆ ಹೊರಟಿದ್ದೀರಿ.

ಟೈಪ್-ಸಿ ಹಬ್ ಹಾಕಿ ಮಾನಿಟರ್, ಕೀಬೋರ್ಡ್ ಜೋಡಿಸಿದರೆ ಪೂರ್ತಿ ಕಂಪ್ಯೂಟರ್ ಆಗುತ್ತೆ ಅಂತ ಯಾರಾದರೂ ಹೇಳೇ ಹೇಳ್ತಾರೆ. ಆಗುತ್ತೆ. ಆದರೆ ಹಬ್ಬು, ಕೀಬೋರ್ಡು, ಮೌಸು, 65 ವ್ಯಾಟಿನ ಚಾರ್ಜರು ಎಲ್ಲ ಹೊತ್ತ ಮೇಲೆ ಉಳಿದಿದ್ದೇನು? ತೂಕವನ್ನೂ ನೋಡಿ: ಅಲೈ 608 ಗ್ರಾಂ, ಲೆನೊವೊದ ಹ್ಯಾಂಡ್‌ಹೆಲ್ಡ್ ಲೀಜನ್ ಗೋ ಕಂಟ್ರೋಲರ್ ಸಮೇತ 854 ಗ್ರಾಂ. ಕುಲುಕುವ ಬಸ್ಸಿನಲ್ಲಿ ಅದನ್ನು ಮುಖದ ಮುಂದೆ ಹಿಡಿದು ಕೂರಬೇಕು. ಬ್ಯಾಟರಿ ಲೆಕ್ಕ ನೀವೇ ಹಾಕಬಹುದು. ಮೊದಲ ಅಲೈನದ್ದು 40 ವ್ಯಾಟ್-ಅವರ್. ಟರ್ಬೊ ಅನ್ನೋ ಜೋರು ಓಟದ ಮೋಡಿನಲ್ಲಿ ಚಿಪ್ಪೇ 25 ವ್ಯಾಟ್ ಎಳೆಯುತ್ತೆ, ಪರದೆ, ಫ್ಯಾನು ಸೇರಿದರೆ 30 ದಾಟುತ್ತೆ. ಒಂದು ಗಂಟೆ ಚಿಲ್ಲರೆ, ಮುಗೀತು. ಅಲೈ ಎಕ್ಸ್ ಮಾದರಿಯಲ್ಲಿ 80 ಇದೆ, ಆದರೆ ಅದು ನಿಮ್ಮ ಬಜೆಟ್ಟಿನ ಆಚೆ.

ಹಾಗಾಗಿ 70 ಸಾವಿರವನ್ನು ಒಡೀರಿ. 25 ಸಾವಿರದ ಆಸುಪಾಸಿನಲ್ಲಿ ಕಂಪನಿಗಳು ಮಾರಿದ ಹಳೇ ಲ್ಯಾಪ್‌ಟಾಪ್ ತಗೊಳ್ಳಿ. ಇಂಟೆಲ್ ಆದರೆ 8ನೇ ಪೀಳಿಗೆಯೋ ಮೇಲಿನದ್ದೋ ಇರಲಿ, ಅದಕ್ಕೂ ಹಿಂದಿನದಕ್ಕೆ ಅಧಿಕೃತವಾಗಿ ವಿಂಡೋಸ್ 11 ಸಿಗೋದು ಕಷ್ಟ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ನಂಬರ್ ಪ್ಯಾಡ್ ಇರುವ 15.6 ಇಂಚಿನದ್ದೇ ಹುಡುಕಿ, ಇಲ್ಲವಾದರೆ ಯುಎಸ್‌ಬಿ ನಂಬರ್ ಪ್ಯಾಡ್ ಒಂದು ಕೊಳ್ಳಿ. ಲ್ಯಾಪ್‌ಟಾಪ್ ಆಫೀಸಿನಲ್ಲೇ ಇರಲಿ, ಬ್ಯಾಕಪ್ ಪೆನ್‌ಡ್ರೈವ್ ಮನೆಯಲ್ಲಿರಲಿ. ಉಳಿದ ರೊಕ್ಕಕ್ಕೆ ಸೆಕೆಂಡ್ ಹ್ಯಾಂಡ್ ಹ್ಯಾಂಡ್‌ಹೆಲ್ಡ್ ನೋಡಿ, ಅದರಲ್ಲಿ ಒಂದು ಆಫೀಸ್ ಫೈಲನ್ನೂ ಇಡಬೇಡಿ. ಸ್ಟೀಮ್ ಡೆಕ್ ನಮ್ಮ ದೇಶದಲ್ಲಿ ಅಧಿಕೃತವಾಗಿ ಮಾರಾಟಕ್ಕಿಲ್ಲ, ಹೊರಗಿನಿಂದ ತರಿಸಿದರೆ ಕೆಟ್ಟಾಗ ರಿಪೇರಿಗೆ ನೀವೇ ಗತಿ. ವಿಂಡೋಸಿನದ್ದೇ ತಗೊಂಡರೆ ಮೊದಲ ದಿನವೇ ಪವರ್ ಬಟನ್ನನ್ನು ಸ್ಲೀಪ್‌ನಿಂದ ಹೈಬರ್ನೇಟ್‌ಗೆ (ಇದ್ದದ್ದನ್ನು ಸ್ಟೋರೇಜಿಗೆ ಬರೆದಿಟ್ಟು ಪೂರ್ತಿ ಆಫ್ ಆಗೋದಕ್ಕೆ) ಬದಲಿಸಿ.

ಯಾವ ಆಟ ಅಂತ ನೀವು ಬರೆದೇ ಇಲ್ಲ. ಬೆಳಗಾವಿಯ ಹುಡುಗರ ಥರ ವ್ಯಾಲೊರಂಟ್ ಆದರೆ ಎರಡನ್ನೂ ಮರೆತುಬಿಡಿ: ಸ್ಟೀಮ್‌ಒಎಸ್ ಮೇಲೆ ಅದು ಓಡೋದಿಲ್ಲ, ವಿಂಡೋಸ್ ಮೇಲೆ ಓಡಿದರೂ ಪಿಸಿ ಆವೃತ್ತಿ ಜಾಯ್‌ಸ್ಟಿಕ್ಕನ್ನು ಒಪ್ಪೋದಿಲ್ಲ, ಮೌಸೇ ಬೇಕು. ಆಟದ ಹೆಸರು ಕೆಳಗೆ ಹಾಕಿ, ಯಾವುದರಲ್ಲಿ ಓಡುತ್ತೆ ಅಂತ ಹೇಳ್ತೀನಿ.