ನನ್ನ ಕೈಕೆಳಗೆ ಯಾರೂ ಇಲ್ಲ, ಪ್ರಾಡಕ್ಟ್ ಮ್ಯಾನೇಜರ್ ಆಗಿ ಲೀಡರ್‌ಶಿಪ್ ಬೆಳೆಸಿಕೊಳ್ಳುವುದು ಹೇಗೆ?

ಕೋಡ್ ಬರೆಯುತ್ತಿದ್ದವರು ಈಗ ಪ್ರಾಡಕ್ಟ್ ಮ್ಯಾನೇಜರ್ ಆಗಿದ್ದೀರಿ. ಇಂಜಿನಿಯರ್‌ಗಳು, ಡಿಸೈನರ್‌ಗಳು ಬೇರೆಯವರಿಗೆ ರಿಪೋರ್ಟ್ ಮಾಡುತ್ತಾರೆ, ನಿಮ್ಮ ಮಾತು ನಡೆಯುತ್ತಿಲ್ಲ. ಲೀಡರ್‌ಶಿಪ್ ಕೋರ್ಸ್ ಮಾಡಲಾ, ಎಂಬಿಎ ಮಾಡಲಾ ಎಂದು ಕೇಳಿದ್ದೀರಿ.

ಕೋರ್ಸ್ ವಿಷಯ ಮೊದಲೇ ಮುಗಿಸಿಬಿಡುತ್ತೇನೆ. ಕಂಪನಿ ದುಡ್ಡು ಕೊಟ್ಟರೆ ಮಾಡಿ, ನಷ್ಟವೇನಿಲ್ಲ. ಸ್ವಂತ ಖರ್ಚಿನಲ್ಲಾದರೆ ಸದ್ಯಕ್ಕೆ ಬೇಡ. ನೀವು ಹೇಳುತ್ತಿರುವ ತೊಂದರೆಗೆ ಸರ್ಟಿಫಿಕೇಟ್ ಮದ್ದಲ್ಲ.

ಕೈಯಲ್ಲಿ ಅಧಿಕಾರ ಇಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡಿ. ಈ ಕೆಲಸ ಶುರುವಾದದ್ದೇ ಹಾಗೆ. 1931ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ನೀಲ್ ಮೆಕೆಲ್ರಾಯ್ ಒಂದು ಮೆಮೊ ಬರೆದರು. ಒಂದೊಂದು ಬ್ರ್ಯಾಂಡಿಗೂ ಅದರ ಪೂರ್ತಿ ಹೊಣೆ ಹೊರುವ ಜನ ಬೇಕು ಎಂಬುದು ಅದರ ಸಾರ. ಈಗಿನ ಪ್ರಾಡಕ್ಟ್ ಮ್ಯಾನೇಜರ್ ಹುದ್ದೆಯ ಬೇರನ್ನು ಹಲವರು ಗುರುತಿಸುವುದು ಅಲ್ಲೇ. ಹೊಣೆ ಪೂರ್ತಿ, ಹುಕುಂ ಮಾತ್ರ ಇಲ್ಲ. (ಅದೇ ಮೆಕೆಲ್ರಾಯ್ ಮುಂದೆ ಅಮೆರಿಕದ ರಕ್ಷಣಾ ಕಾರ್ಯದರ್ಶಿ ಆದರು. ಆ ಕೆಲಸದಲ್ಲಿ ಹುಕುಂಗೆ ಕೊರತೆ ಇರಲಿಲ್ಲ ಬಿಡಿ.)

ಒಬ್ಬರ ಮಾತನ್ನು ಇನ್ನೊಬ್ಬರು ಯಾಕೆ ಕೇಳುತ್ತಾರೆ? ಫ್ರೆಂಚ್ ಮತ್ತು ರೇವನ್ ಎಂಬ ಮನಶ್ಶಾಸ್ತ್ರಜ್ಞರು 1959ರಲ್ಲಿ ಇದಕ್ಕೆ ಐದು ಕಾರಣ ಹೇಳಿದ್ದರು. ಹುದ್ದೆ, ಕೊಡಬಲ್ಲ ಲಾಭ, ಮಾಡಬಲ್ಲ ಶಿಕ್ಷೆ, ತಿಳಿವಳಿಕೆ, ಆ ಮನುಷ್ಯನ ಮೇಲಿನ ಅಭಿಮಾನ. ಮೊದಲ ಮೂರು ನಿಮ್ಮ ಹತ್ತಿರ ಇಲ್ಲ. ಉಳಿದ ಎರಡರಲ್ಲೇ ಕೆಲಸ ಆಗಬೇಕು.

ತಿಳಿವಳಿಕೆ ಎಂದಾಗ ನಿಮ್ಮಂಥವರು ಒಂದು ಕಡೆ ಜಾರುತ್ತಾರೆ. ಕೋಡ್ ಗೊತ್ತಲ್ಲ, ಹಾಗಾಗಿ ಇಂಜಿನಿಯರ್ ಜೊತೆ ಡೇಟಾಬೇಸ್ ಹೇಗಿರಬೇಕು ಎಂದು ವಾದಕ್ಕೆ ಇಳಿಯುತ್ತಾರೆ. ಅದು ಅವರ ಜಾಗ, ಬಿಟ್ಟುಕೊಡಿ. ನಿಮ್ಮ ಜಾಗ ಬಳಕೆದಾರ. ವಾರಕ್ಕೊಮ್ಮೆಯಾದರೂ ಸಪೋರ್ಟ್ ಟಿಕೆಟ್‌ಗಳನ್ನು (ಬಳಕೆದಾರರು ಕಳಿಸುವ ದೂರು, ಪ್ರಶ್ನೆಗಳನ್ನು) ನೀವೇ ಓದಿ, ಗ್ರಾಹಕರ ಕಾಲ್‌ನಲ್ಲಿ ಕೂತು ಸುಮ್ನೆ ಕೇಳಿ, ಡೇಟಾಬೇಸಿನಿಂದ ಡೇಟಾ ತೆಗೆಯಲು ಬೇಕಾದ ಕ್ವೆರಿ ನೀವೇ ಬರೆಯಿರಿ. "ಯೂಸರ್‌ಗೆ ಇದು ಬೇಕು" ಎಂದರೆ ಯಾರೂ ತಲೆ ಎತ್ತುವುದಿಲ್ಲ. "ಫೈಲ್ ಅಪ್‌ಲೋಡ್ ಆದಮೇಲೆ ಏನೂ ಕಾಣಿಸಲ್ಲ, ಅದಕ್ಕೇ ಎರಡೆರಡು ಸಲ ಅಪ್‌ಲೋಡ್ ಮಾಡ್ತಾರೆ, ರೆಕಾರ್ಡಿಂಗ್ ಇಲ್ಲಿದೆ ನೋಡಿ" ಎಂದರೆ ಮೀಟಿಂಗ್‌ನ ದಿಕ್ಕೇ ಬದಲಾಗುತ್ತದೆ.

ಇನ್ನು ನಾನು ಎಲ್ಲಕ್ಕಿಂತ ಜಾಸ್ತಿ ನಂಬುವ ಅಭ್ಯಾಸ: ನಿರ್ಧಾರಗಳನ್ನು ಬರೆದಿಡುವುದು. ಒಂದು ಪುಟ ಸಾಕು. ತೊಂದರೆ ಏನು, ಯಾರಿಗೆ, ಅದು ನಿಜ ಎಂದು ನಮಗೆ ಹೇಗೆ ಗೊತ್ತು, ಯಾವ ಯಾವ ದಾರಿ ನೋಡಿದೆವು, ಇದನ್ನೇ ಯಾಕೆ ಹಿಡಿದೆವು, ಏನು ಕಂಡರೆ ಇದನ್ನು ಕೈಬಿಡುತ್ತೇವೆ. ಈ ಕೊನೆಯ ಪ್ರಶ್ನೆಯನ್ನು ಬಹಳ ಜನ ಬರೆಯುವುದೇ ಇಲ್ಲ. ಆದರೆ ಟೀಮಿನ ನಂಬಿಕೆ ಬರುವುದು ಅಲ್ಲಿಂದಲೇ. ನೀವು ಹಟಕ್ಕೆ ಬಿದ್ದಿಲ್ಲ, ನಿಮ್ಮ ಮಾತನ್ನು ಪರೀಕ್ಷೆ ಮಾಡಬಹುದು ಎಂದು ಅವರಿಗೆ ಕಾಣುತ್ತದೆ. ಅಮೆಜಾನ್ 2004ರಲ್ಲಿ ಹಿರಿಯ ಅಧಿಕಾರಿಗಳ ಮೀಟಿಂಗ್‌ಗಳಿಂದ ಪವರ್‌ಪಾಯಿಂಟ್ ತೆಗೆದುಹಾಕಿ, ಬರಹವನ್ನು ಎಲ್ಲರೂ ಮೀಟಿಂಗ್‌ನಲ್ಲೇ ಮೌನವಾಗಿ ಓದುವ ಪದ್ಧತಿ ತಂದಿತು. ಸ್ಲೈಡಿನ ನಾಲ್ಕು ಬುಲೆಟ್ ನಡುವೆ ಅರೆಬರೆ ಯೋಚನೆ ಬಚ್ಚಿಟ್ಟುಕೊಳ್ಳುತ್ತದೆ. ಪೂರ್ತಿ ವಾಕ್ಯದಲ್ಲಿ ಬರೆದಾಗ ಸಿಕ್ಕಿಬೀಳುತ್ತದೆ.

ಹಾಗಂತ ಎಲ್ಲದಕ್ಕೂ ಪುಟ ಬರೆಯುತ್ತಾ ಕೂರಬೇಡಿ. ಹಿಂದೆ ಬರಬಹುದಾದ ಬಾಗಿಲು, ಬರಲಾಗದ ಬಾಗಿಲು ಎಂದು ಅಮೆಜಾನ್ ಸ್ಥಾಪಕ ಜೆಫ್ ಬೆಜೋಸ್ ಷೇರುದಾರರಿಗೆ ಬರೆದ ಪತ್ರವೊಂದರಲ್ಲಿ ನಿರ್ಧಾರಗಳನ್ನು ಎರಡು ಬಗೆ ಮಾಡಿದ್ದರು. ಹೊಸ ಬಳಕೆದಾರರಿಗೆ ಮೊದಲು ಕಾಣುವ ಆನ್‌ಬೋರ್ಡಿಂಗ್ ಸ್ಕ್ರೀನ್‌ಗಳ ಕ್ರಮ ಬದಲಿಸುವುದು ಮೊದಲ ಬಗೆ. ಫೀಚರ್ ಫ್ಲ್ಯಾಗ್ (ಫೀಚರನ್ನು ಬೇಕಾದಾಗ ಆನ್, ಆಫ್ ಮಾಡುವ ಸ್ವಿಚ್) ಹಾಕಿ ನೋಡಿ, ಸರಿ ಬರದಿದ್ದರೆ ಆಫ್ ಮಾಡಿ. ಇಂಥವನ್ನು ಇಂಜಿನಿಯರ್, ಡಿಸೈನರ್‌ಗಳೇ ನಿಮ್ಮನ್ನು ಕೇಳದೆ ತೀರ್ಮಾನಿಸಲಿ. ಹೊರಗಿನವರು ಬಳಸುತ್ತಿರುವ ಎಪಿಐ (ಬೇರೆ ಸಾಫ್ಟ್‌ವೇರ್‌ಗಳು ನಿಮ್ಮದರ ಜೊತೆ ಮಾತಾಡುವ ದಾರಿ) ಬದಲಿಸುವುದು, ಬೆಲೆ ಏರಿಸುವುದು, ಬಳಕೆದಾರರ ಡೇಟಾ ಅಳಿಸುವುದು ಎರಡನೇ ಬಗೆ. ಅಲ್ಲಿ ನಿಧಾನ ಮಾಡಿ, ಬರೆಯಿರಿ, ಬೈಸಿಕೊಳ್ಳಿ. ಪ್ರತಿ ಬಟನ್‌ಗೂ ತನ್ನ ಒಪ್ಪಿಗೆ ಬೇಕು ಎನ್ನುವ ಪ್ರಾಡಕ್ಟ್ ಮ್ಯಾನೇಜರ್‌ಗೆ ನಿಜವಾಗಿ ಬೇಕಾದ ಹೊತ್ತಿನಲ್ಲಿ ಯಾರೂ ಕಿವಿ ಕೊಡುವುದಿಲ್ಲ.

"ಇಲ್ಲ" ಎನ್ನುವುದನ್ನೂ ಕಲಿಯಬೇಕು. ದೊಡ್ಡ ಗ್ರಾಹಕರೊಬ್ಬರು ಎಕ್ಸ್‌ಪೋರ್ಟ್ ಫೀಚರ್ ಕೇಳಿದ್ದಾರೆ, ಈ ತಿಂಗಳೇ ಬೇಕು ಎಂದು ಸೇಲ್ಸ್‌ನವರು ಬರುತ್ತಾರೆ. "ರೋಡ್‌ಮ್ಯಾಪ್‌ನಲ್ಲಿ ಇಲ್ಲ" ಎಂದರೆ ಅವರು ನೇರ ನಿಮ್ಮ ಬಾಸ್ ಹತ್ತಿರ ಹೋಗುತ್ತಾರೆ, ಹೋಗಲೇಬೇಕು ಕೂಡ. ಬದಲಿಗೆ ವಿಚಾರಿಸಿ. ಆ ಗ್ರಾಹಕರು ಈಗ ಹೇಗೆ ಕೆಲಸ ನಡೆಸುತ್ತಿದ್ದಾರೆ? ಎಕ್ಸ್‌ಪೋರ್ಟ್ ಆದ ಫೈಲ್ ಯಾರ ಕೈಗೆ ಹೋಗುತ್ತದೆ? ಎಷ್ಟೋ ಸಲ ಅವರಿಗೆ ಬೇಕಾಗಿರುವುದು ವಾರಕ್ಕೊಂದು ರಿಪೋರ್ಟ್ ಅಷ್ಟೇ ಆಗಿರುತ್ತದೆ. ಆಗಲೂ ಫೀಚರ್ ಬೇಕೇ ಬೇಕು ಎಂದಾದರೆ, ಇದನ್ನು ತೆಗೆದುಕೊಂಡರೆ ಯಾವುದು ಹಿಂದೆ ಬೀಳುತ್ತದೆ ಎಂಬುದನ್ನು ಸೇಲ್ಸ್‌ನವರು, ಬಾಸ್ ಇಬ್ಬರೂ ಇರುವಾಗಲೇ ಹೇಳಿ. ಇಂಜಿನಿಯರ್‌ಗಳಿಗೆ ಈ ವಿಷಯ ಹೇಗೋ ತಲುಪುತ್ತದೆ. ತಮ್ಮ ಕೆಲಸದ ಪರವಾಗಿ ಯಾರೋ ನಿಂತರು ಎಂದು ಗೊತ್ತಾಗುವುದು ದೊಡ್ಡದು.

ಇಂಜಿನಿಯರ್‌ಗಳು ಒಂದು ಕೆಲಸಕ್ಕೆ ಆರು ವಾರ ಬೇಕು ಎಂದಾಗ ನಾಲ್ಕಕ್ಕೆ ಇಳಿಸಿ ಎಂದು ಚೌಕಾಸಿ ಮಾಡಬೇಡಿ. ಎಲ್ಲಿ ಜಾಸ್ತಿ ಹೊತ್ತು ಹೋಗುತ್ತದೆ ಎಂದು ಕೇಳಿ, ಆ ಭಾಗ ಮೊದಲ ರಿಲೀಸ್‌ಗೆ ಬೇಕಾ ಎಂದು ಒಟ್ಟಿಗೆ ನೋಡಿ. ಕೆಲಸದ ಹರವನ್ನು ಕಡಿಮೆ ಮಾಡಬಹುದು, ಅವರ ಅಂದಾಜನ್ನು ಹಿಂಡಿದರೆ ಮುಂದಿನ ಸಲ ಸುಳ್ಳು ಅಂದಾಜು ಸಿಗುತ್ತದೆ.

ದೊಡ್ಡ ಲಾಂಚ್‌ಗೆ ಮೊದಲು ಪ್ರೀ-ಮಾರ್ಟಮ್ ಮಾಡಿ ನೋಡಿ. ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞರ ವಿಧಾನ ಇದು. ಲಾಂಚ್ ಆಗಿ ಪೂರ್ತಿ ಸೋತುಹೋಗಿದೆ ಎಂದು ಎಲ್ಲರೂ ಅಂದುಕೊಳ್ಳಬೇಕು, ಯಾಕೆ ಸೋತಿತು ಎಂದು ಒಬ್ಬೊಬ್ಬರೂ ಬರೆಯಬೇಕು. "ಇದು ಸರಿಹೋಗಲ್ಲ" ಎಂದು ಹೇಳಲು ಹಿಂಜರಿಯುವ ಹೊಸಬರೂ ಆಗ ಬಾಯಿ ಬಿಡುತ್ತಾರೆ. ನಿಮ್ಮದನ್ನು ಕೊನೆಗೆ ಓದಿ. ಮೊದಲು ಓದಿದರೆ ಉಳಿದವರು ಅದನ್ನೇ ಅನುಸರಿಸುತ್ತಾರೆ.

ಡೆಮೊ ಕೊಡುವ ಅವಕಾಶ ಕಟ್ಟಿದವರಿಗೇ ಇರಲಿ. ಲಾಂಚ್ ಎಡವಿದ ದಿನ ಮೇಲಿನವರ ಮುಂದೆ ಮೊದಲು ಮಾತಾಡುವವರು ನೀವಾಗಿರಿ. ಇದಕ್ಕೆ ವಿವರಣೆ ಬೇಕಿಲ್ಲ ಅಲ್ವಾ?

ಎಲ್ಲಿಂದ ಶುರು ಮಾಡಲಿ ಎಂದರೆ, ಮುಂದಿನ ಪ್ಲಾನಿಂಗ್‌ನಲ್ಲಿ ಯಾವ ಫೀಚರ್ ಬಗ್ಗೆ ಜಗಳ ಆಗಬಹುದು ಎಂದು ನಿಮಗೆ ಈಗಲೇ ಗೊತ್ತಿರುತ್ತದೆ. ಅದಕ್ಕೊಂದು ಪುಟ ಬರೆಯಿರಿ. ಅತಿ ಹೆಚ್ಚು ವಿರೋಧಿಸುವ ಇಂಜಿನಿಯರ್‌ಗೆ ಮೀಟಿಂಗ್‌ಗೆ ಮೊದಲೇ, ಒಬ್ಬರಿಗೇ ತೋರಿಸಿ. ಅವರ ಆಕ್ಷೇಪವನ್ನು ಅವರದೇ ಮಾತಿನಲ್ಲಿ ಆ ಪುಟಕ್ಕೆ ಸೇರಿಸಿ, ಆಮೇಲೆ ಮೀಟಿಂಗ್‌ಗೆ ಹೋಗಿ.