ಸ್ವಂತ ಮನೆ ಕೆಡವಲು ಅಪ್ಪಣೆ ಯಾಕೆ?

ಓದುಗರ ಪತ್ರ: ಅಗ್ರಹಾರದಲ್ಲಿರುವ ತಾತನ ಕಾಲದ ಮನೆ ಕೆಡವಿ ಹೊಸದು ಕಟ್ಟಬೇಕೆಂದಿದ್ದೇವೆ. ಅರ್ಜಿ ಕೊಟ್ಟು ತಿಂಗಳುಗಳಾದವು. ಖಾತೆ, ಕಂದಾಯ ರಸೀದಿ, ವಂಶವೃಕ್ಷ, ಇಂಜಿನಿಯರ್ ವರದಿ ಅಂತ ಅಲೆಸುತ್ತಲೇ ಇದ್ದಾರೆ. ಪಕ್ಕದ ಮನೆಗೂ ನಮಗೂ ಒಂದೇ ಗೋಡೆ ಅನ್ನೋದು ಈಗಿನ ನೆಪ. ನಮ್ಮ ಮನೆ ಒಡೆಯಲು ಬೇರೆಯವರ ಅಪ್ಪಣೆ ಯಾಕೆ ಬೇಕು? (ಹೆಸರು, ಊರು ಬೇಡ ಎಂದಿದ್ದಾರೆ.)

ಸಂಪಾದಕರ ಉತ್ತರ: ನಿಮ್ಮನ್ನು ಅಲೆಸಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಬೇಕಾದ ಕಾಗದಗಳ ಪಟ್ಟಿಯನ್ನು ಮೊದಲ ದಿನವೇ ಕೊಡಬೇಕಿತ್ತು. ಆದರೆ ಅಪ್ಪಣೆಯೇ ಬೇಡ ಅನ್ನುತ್ತೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಕೆಡವುವ ಅನುಮತಿ ಸುಲಭಕ್ಕೆ ಸಿಗಬಾರದು. ದುರಸ್ತಿಯ ಅನುಮತಿ ಕೇಳಿದ ವಾರದಲ್ಲೇ ಸಿಗಬೇಕು.

ನೀವು ನೆಪ ಅಂದ ಗೋಡೆಯಿಂದಲೇ ಶುರು ಮಾಡೋಣ. ನಿಮ್ಮದು ಮದ್ರಾಸ್ ತಾರಸಿಯ ಮನೆ ಇರಬೇಕು, ಅಲ್ವಾ? ಸಾಲಾಗಿ ಮರದ ಜಂತೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ತೆಳು ಇಟ್ಟಿಗೆ, ಮೇಲೆ ಸುಣ್ಣದ ಗಾರೆ. ಇಡೀ ಭಾರವನ್ನು ಗೋಡೆಯೇ ಹೊರುತ್ತದೆ, ಕಾಂಕ್ರೀಟ್ ಕಂಬ ಇರುವುದಿಲ್ಲ. ನಡುಗೋಡೆ ಒಂದೇ ಆದಾಗ ಪಕ್ಕದ ಮನೆಯ ಜಂತೆಯ ತುದಿಯೂ ಅದರಲ್ಲೇ ಕೂತಿರುತ್ತದೆ. ನಿಮ್ಮ ಕಡೆಯಿಂದ ಜೆಸಿಬಿ ತಾಗಿದರೆ ಆ ಕಡೆ ಮಲಗಿದವರ ತಲೆಯ ಮೇಲೆ ಚಾವಣಿ ಅಲುಗುತ್ತದೆ. ಗಾರೆಯನ್ನು ಮೊದಲು ಬಿಡಿಸಿ, ಜಂತೆಗಳನ್ನು ಒಂದೊಂದಾಗಿ ಇಳಿಸಿ, ನಡುಗೋಡೆಗೆ ಆಸರೆ ಕೊಟ್ಟು, ಮೇಲಿನಿಂದ ಕೆಳಕ್ಕೆ ಕೈಯಲ್ಲಿ ಒಡೆಯಬೇಕಾದ ಕೆಲಸ ಅದು. ಇಂಜಿನಿಯರ್ ವರದಿ ಕೇಳುವುದು ಇದಕ್ಕಾಗಿಯೇ. ಮಣ್ಣು ಎಲ್ಲಿ ಸುರಿಯುತ್ತೀರಿ ಎಂದು ಕೇಳುವುದಕ್ಕೂ ಕಾರಣವಿದೆ. ಕಟ್ಟಡದ ತ್ಯಾಜ್ಯಕ್ಕೆಂದೇ 2016ರಲ್ಲಿ ಕೇಂದ್ರದ ನಿಯಮ ಬಂತು. ಆದರೂ ನಮ್ಮ ಕೆರೆ ದಂಡೆಗಳಲ್ಲಿ ರಾಶಿ ಬೀಳುತ್ತಿರುವುದು ಒಡೆದ ಮನೆಗಳದ್ದೇ ಮಣ್ಣು.

ನನಗೆ ಜಾಸ್ತಿ ನೋವು ಕೊಡುವುದು ಬೇರೆ ವಿಷಯ. ಈ ಮನೆಗಳು ವಯಸ್ಸಾಗಿ ಬೀಳುವುದು ಕಡಿಮೆ. ನೋಡಿಕೊಳ್ಳುವವರಿಲ್ಲದೆ ಬೀಳುವುದೇ ಹೆಚ್ಚು. ತಾರಸಿಯ ಮೂಲೆಯಲ್ಲಿ ಅರಳಿ ಸಸಿ ಹುಟ್ಟುತ್ತದೆ, ಯಾರೂ ಕೀಳುವುದಿಲ್ಲ. ಮಳೆನೀರು ಹರಿಯುವ ದೋಣಿ ಕಸದಿಂದ ಕಟ್ಟಿಕೊಂಡು ನೀರು ಗೋಡೆಗೆ ಇಳಿಯುತ್ತದೆ. ಆಮೇಲೆ ಯಾರೋ ಬಂದು ಸುಣ್ಣದ ಗೋಡೆಗೆ ಸಿಮೆಂಟ್ ಬಳಿಯುತ್ತಾರೆ. ಒಳಗಿನ ತೇವ ಹೊರಗೆ ಹೋಗಲಾರದೆ ಇಟ್ಟಿಗೆಯನ್ನೇ ತಿನ್ನುತ್ತದೆ. ನನಗೆ ಪರಿಚಯವಿದ್ದ ಹಿರಿಯ ಗಾರೆ ಮೇಸ್ತ್ರಿಯೊಬ್ಬರು ಕರಣೆಯ ಹಿಡಿಯಿಂದ ಗೋಡೆ ತಟ್ಟುತ್ತಾ ಹೋಗುತ್ತಿದ್ದರು. ಟೊಳ್ಳು ಸದ್ದು ಬಂದ ಕಡೆ ಮಾತ್ರ ಕೆರೆದು, ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸಿದ ಸುಣ್ಣ ಮೆತ್ತುತ್ತಿದ್ದರು. ಉಳಿದ ಗೋಡೆಯನ್ನು ಮುಟ್ಟುತ್ತಿರಲಿಲ್ಲ. ಅವರ ಮಕ್ಕಳು ಈ ಕೆಲಸಕ್ಕೆ ಬರಲಿಲ್ಲ. ಕರೆಯುವವರೇ ಇಲ್ಲದ ಮೇಲೆ ಯಾಕೆ ಬರುತ್ತಾರೆ?

ಸರ್ಕಾರದ ನಡತೆಯೂ ಇದಕ್ಕಿಂತ ಚೆನ್ನಾಗಿಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ದುರಸ್ತಿ ಮಾಡಿದರೆ ಉಳಿಯುತ್ತದೆ ಎಂದು ಪಾರಂಪರಿಕ ತಜ್ಞರು, ಕೆಡವಲೇಬೇಕು ಎಂದು ಇನ್ನೊಂದು ಕಡೆಯವರು. ವರ್ಷಗಟ್ಟಲೆ ವಾದ ನಡೆದು, 2023ರಲ್ಲಿ ಹೈಕೋರ್ಟ್ ಕೆಡವಿ ಕಟ್ಟಲು ದಾರಿ ಬಿಟ್ಟಿತು. ಆ ವರ್ಷಗಳಲ್ಲಿ ಮಳೆ ನಿಂತಿತೇ? ಬೆಂಗಳೂರಿನ ಲಾಲ್‌ಬಾಗ್‌ನಲ್ಲಿದ್ದ ಹಳೆಯ ಸಭಾಂಗಣ ಕ್ರುಂಬಿಗಲ್ ಹಾಲ್‌ನ ಕಥೆಯೂ ಅಷ್ಟೇ. ವರ್ಷಗಳ ಕಾಲ ಪಾಳು ಬಿಟ್ಟು, 2017ರಲ್ಲಿ ಉಳಿದದ್ದನ್ನೂ ಕೆಡವಿದರು. ಬೆಂಗಳೂರಿನ ಅಠಾರಾ ಕಚೇರಿಯನ್ನೂ 1980ರ ದಶಕದಲ್ಲಿ ಕೆಡವಲು ಹೊರಟಿದ್ದರು. ಜನ ಎದ್ದು ನಿಂತರು, ಪ್ರಕರಣ ಕೋರ್ಟಿಗೆ ಹೋಯಿತು, ಕಟ್ಟಡ ಉಳಿಯಿತು. ಇಂದಿಗೂ ಹೈಕೋರ್ಟ್ ಅಲ್ಲೇ ನಡೆಯುತ್ತಿದೆ. ಅಪ್ಪಣೆಯೇ ಬೇಡ ಅನ್ನುವ ಕಾನೂನಿದ್ದರೆ ಇಂಥ ಪ್ರಶ್ನೆ ಎತ್ತಲು ಯಾರಿಗೂ ಸಮಯವೇ ಸಿಗುವುದಿಲ್ಲ. ಬೆಳಗಾಗುವಷ್ಟರಲ್ಲಿ ನೆಲಸಮ.

ನಮ್ಮ ಕಚೇರಿಗಳಿಗೆ ಒಡೆಯುವ ಅರ್ಜಿಯೂ ಕಾಗದವೇ, ಉಳಿಸುವ ಅರ್ಜಿಯೂ ಕಾಗದವೇ. ಮನೆಯೊಳಗೆ ಬಂದು ಜಂತೆ ನೋಡುವವರಿಲ್ಲ. ಹಳೆ ಮನೆ ದುರಸ್ತಿಗೆ ಕಂದಾಯದಲ್ಲಿ ಒಂದಿಷ್ಟು ರಿಯಾಯಿತಿ ಕೊಟ್ಟು, ಸುಣ್ಣದ ಕೆಲಸ ಕಲಿತ ಒಬ್ಬ ಇಂಜಿನಿಯರನ್ನು ಪ್ರತಿ ನಗರಪಾಲಿಕೆಗೂ ನೇಮಿಸಿದರೆ ನಿಮ್ಮಂಥ ಅರ್ಧ ಜನ ಕೆಡವುವ ಯೋಚನೆಯನ್ನೇ ಬಿಡುತ್ತಾರೆ ಎಂದು ನಾನು ನಂಬಿದ್ದೇನೆ. ಹಾಗೆ ಮಾಡದೆ ಸುಮ್ನೆ ಪರಂಪರೆ ದಿನ ಆಚರಿಸಿ ಭಾಷಣ ಮಾಡಿದರೆ ಒಂದು ಜಂತೆಯೂ ಉಳಿಯುವುದಿಲ್ಲ.

ನೀವು ತಾತನ ಮನೆ ಅಂತ ಬರೆದಿದ್ದೀರಿ, ಬರೀ ಸೈಟು ಅನ್ನಲಿಲ್ಲ. ಅದಕ್ಕೇ ಇಷ್ಟು ಸಲಿಗೆಯಿಂದ ಹೇಳುತ್ತಿದ್ದೇನೆ. ಹಳೆ ಮರ ಕೊಳ್ಳುವವರು ತೇಗದ ಕಂಬ, ಬಾಗಿಲುಗಳಿಗೆ ಒಳ್ಳೆ ಬೆಲೆ ಹೇಳಿ ಆತುರ ಮಾಡಿಸುತ್ತಾರೆ. ಮುಂಗಡ ತಗೋಬೇಡಿ. ಸುಣ್ಣದ ಕೆಲಸ ಬಲ್ಲ ಒಬ್ಬರನ್ನು ಕರೆಸಿ ತಾರಸಿ, ಜಂತೆಯ ತುದಿಗಳನ್ನು ತೋರಿಸಿ, ದುರಸ್ತಿಗೆ ಎಷ್ಟಾಗುತ್ತದೆ ಎಂದು ಬರೆಸಿಕೊಳ್ಳಿ. ಹೊಸ ಮನೆಯ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಆಮೇಲೂ ಕೆಡವಲೇಬೇಕು ಅನ್ನಿಸಿದರೆ ಮನೆಯ ಅಳತೆ ತೆಗೆಸಿ, ಫೋಟೊ ಹಿಡಿಸಿ, ಪಕ್ಕದ ಮನೆಯವರನ್ನು ಕೂರಿಸಿಕೊಂಡು ಆ ನಡುಗೋಡೆಯನ್ನು ಯಾರು, ಹೇಗೆ ನಿಲ್ಲಿಸುತ್ತೀರಿ ಎಂದು ಕಾಗದದ ಮೇಲೆ ಒಪ್ಪಂದ ಮಾಡಿಕೊಳ್ಳಿ. ಎರಡು ಲೆಕ್ಕವನ್ನೂ ನಮಗೆ ಕಳಿಸಿ, ಪ್ರಕಟಿಸುತ್ತೇವೆ.