ಲೋರಾದಲ್ಲಿ ಜೇಸನ್ ಬೇಡ, ಬೈಟ್ ಸಾಕು

ತಾಪಮಾನ, ತೇವಾಂಶ, ಬ್ಯಾಟರಿ ವೋಲ್ಟೇಜ್ ಮೂರನ್ನೂ ಜೇಸನ್ (ಪ್ರತಿ ಮೌಲ್ಯವನ್ನೂ ಹೆಸರಿನ ಜೊತೆ ಪಠ್ಯವಾಗಿ ಬರೆಯುವ ರೂಪ) ಆಗಿ ಲೋರಾದಲ್ಲಿ (ಕಡಿಮೆ ವಿದ್ಯುತ್ತಿನಲ್ಲಿ ದೂರ ತಲುಪುವ ರೇಡಿಯೋ) ಕಳಿಸುತ್ತಿದ್ದೇನೆ, ಬ್ಯಾಟರಿ ಬೇಗ ಖಾಲಿಯಾಗುತ್ತಿದೆ ಅಂದಿದ್ದೀರಿ. ಮೊದಲು ಜೇಸನ್ ಬಿಡಿ. ಹೆಸರು, ಕೋಟ್, ಬ್ರಾಕೆಟ್‌ಗಳನ್ನೆಲ್ಲ ಪ್ರತಿ ಸಲ ಸುಮ್ನೆ ಗಾಳಿಗೆ ಹಾಕುತ್ತಿದ್ದೀರಿ. ಸಂದೇಶ ಉದ್ದವಾದಷ್ಟೂ ರೇಡಿಯೋ ಜಾಸ್ತಿ ಹೊತ್ತು ಆನ್ ಇರುತ್ತದೆ, ಅಲ್ವಾ?

ತಾಪಮಾನ 27.46 ಇದ್ದರೆ 100ರಿಂದ ಗುಣಿಸಿ 2746 ಮಾಡಿ. ಅದು ಎರಡೇ ಬೈಟ್ (ಒಂದು ಬೈಟ್‌ನಲ್ಲಿ 0ರಿಂದ 255ರವರೆಗಿನ ಸಂಖ್ಯೆ ಹಿಡಿಯುತ್ತದೆ): 10 ಮತ್ತು 186. (10×256+186, ಲೆಕ್ಕ ಹಾಕಿ ನೋಡಿ.) ಸೊನ್ನೆಗಿಂತ ಕೆಳಗೆ ಹೋಗಬಹುದಾದರೆ ಸೈನ್ಡ್ 16 ಬಿಟ್ (ಋಣ ಸಂಖ್ಯೆಯನ್ನೂ ಹಿಡಿಯುವ ಎರಡು ಬೈಟ್) ಬಳಸಿ. ತೇವಾಂಶಕ್ಕೆ ಒಂದು ಬೈಟ್. ಬ್ಯಾಟರಿಗೂ ಒಂದೇ ಸಾಕು: 3.71ರಿಂದ 2 ಕಳೆದು 100ರಿಂದ ಗುಣಿಸಿದರೆ 171. ಒಟ್ಟು ನಾಲ್ಕೇ ಬೈಟ್!

ಯಾವ ಬೈಟ್ ಮೊದಲು ಅನ್ನೋದು ಕಳಿಸುವ, ಪಡೆಯುವ ಎರಡೂ ಕಡೆ ಒಂದೇ ಇರಲಿ. ಸಿಗ್ನಲ್ ಚೆನ್ನಾಗಿದ್ದರೆ ಸ್ಪ್ರೆಡಿಂಗ್ ಫ್ಯಾಕ್ಟರ್ (ಸಂದೇಶ ಎಷ್ಟು ನಿಧಾನವಾಗಿ ಹೋಗಬೇಕು ಅನ್ನೋ ಲೋರಾ ಸೆಟ್ಟಿಂಗ್) ಕೂಡ ಇಳಿಸಿ.